ಡಯಾಲಿಸಿಸ್ ನೀರಿನ ಇಟಿಪಿ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಕಾಸರಗೋಡಿನ ಕಡೆ ನೆಲವೆಂದರೆ ಮುರಕಲ್ಲು (ಜಂಬಿಟ್ಟಿಗೆ). ಮೇಲೆ ಚೆಲ್ಲಿದ ನೀರು ಸರಿಯಾಗಿ ಸೋಸದೆ ಅದರ ತೂತು-ಬಿರುಕುಗಳಲ್ಲಿ ಇಳಿದು ಕೆಳಗಿನ ಮನೆಯ ಬಾವಿಗೋ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಕ್ಕೋ ಸೇರುತ್ತದೆ. ಹಾಗಾಗಿ ಡಯಾಲಿಸಿಸ್ ಘಟಕದ ಕೊಳೆನೀರು ಶುದ್ಧವಾಗದೆ ಹೊರಗೆ ಹೋಯಿತೆಂದರೆ ತಗ್ಗಿನಲ್ಲಿರುವವರ ಕುಡಿಯುವ ನೀರಿಗೇ ಬಂತು ಎಂದು ಲೆಕ್ಕ. ಈ ಕೈಪಿಡಿ 5ರಿಂದ 15 ಮೆಷಿನ್ ಇರುವ ಘಟಕಗಳ ಇಟಿಪಿ (ಕೊಳೆನೀರು ಶುದ್ಧೀಕರಿಸುವ ವ್ಯವಸ್ಥೆ) ನೋಡಿಕೊಳ್ಳುವವರಿಗೆ: ನೀರು ಕೂಡಿಡುವ ಒಂದು ಕಲೆಕ್ಷನ್ ಟ್ಯಾಂಕ್, ಗಾಳಿ ಊದುವ ಒಂದು ಏರೇಶನ್ ಟ್ಯಾಂಕ್, ಕೊಳೆ ತಳಕ್ಕೆ ಕೂರುವ ಸೆಟ್ಲಿಂಗ್ ಟ್ಯಾಂಕ್, ಕೊನೆಗೆ ಮರಳು ಮತ್ತು ಕಾರ್ಬನ್ ಫಿಲ್ಟರ್ ಇರುವ ಸಾಮಾನ್ಯ ಸಣ್ಣ ಇಟಿಪಿ.

ದೋಷ ಕಾಣಿಸುವುದು ಟ್ಯಾಂಕಿನಲ್ಲಿ. ಹುಟ್ಟುವುದು ಹೆಚ್ಚಿನ ಸಲ ಮೆಷಿನ್‌ಗಳಿರುವ ಹಾಲ್‌ನಲ್ಲಿ. ನಿನ್ನೆ ಯಾವ ಔಷಧದಿಂದ ಮೆಷಿನ್ ತೊಳೆದರು, ಡಯಾಲಿಸಿಸ್ ದ್ರಾವಣದ ಎಷ್ಟು ಕ್ಯಾನ್ ಉಳಿಕೆ ಸಿಂಕಿಗೆ ಸುರಿದರು, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಸಾಧನ) ಯಾವಾಗ ಉಪ್ಪುನೀರಿನಿಂದ ರೀಜನರೇಟ್ ಆಯಿತು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗುವ ತನಕ ಟ್ಯಾಂಕಿಗೆ ಏನನ್ನೂ ಹಾಕಬೇಡಿ.

ಈ ನೀರಿನ ಜಾತಕ

ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ 120 ಲೀಟರ್ ಡಯಾಲಿಸೇಟ್ (ರಕ್ತ ಶುದ್ಧೀಕರಿಸುವ ದ್ರಾವಣ) ಖರ್ಚಾಗುತ್ತದೆ. ಪ್ರೈಮಿಂಗ್, ರಿನ್ಸ್, ಡಿಸ್‌ಇನ್ಫೆಕ್ಷನ್ ಸೇರಿದರೆ 150ರಿಂದ 200 ಲೀಟರ್. 10 ಮೆಷಿನ್, ಮೂರು ಪಾಳಿ ಎಂದರೆ ದಿನಕ್ಕೆ 30 ಡಯಾಲಿಸಿಸ್, ಸುಮಾರು 5,000 ಲೀಟರ್ ಕೊಳೆನೀರು. ಆರ್‌ಒ ರಿಜೆಕ್ಟ್ (ಆರ್‌ಒ ಯಂತ್ರ ಹೊರಹಾಕುವ ನೀರು) ಇದರಲ್ಲಿ ಸೇರಿಲ್ಲ, ಸೇರಲೂಬಾರದು.

ಈ ನೀರು ಕಣ್ಣಿಗೆ ತಿಳಿ. ಕೈಗೆ ತಾಗಿದರೆ ಉಗುರು ಬೆಚ್ಚಗೆ. ರಕ್ತ ಸೇರಿಲ್ಲದಿದ್ದರೆ ನಲ್ಲಿ ನೀರಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ‘ತಿಳಿ ನೀರಲ್ಲವೇ, ಚರಂಡಿಗೆ ಬಿಟ್ಟರಾಯಿತು’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಒಳಗಿರುವುದು ಇಷ್ಟು: ಲೀಟರಿಗೆ ಸುಮಾರು 138 ಮಿಲಿಮೋಲ್ ಸೋಡಿಯಂ, 3,700 ಮಿ.ಗ್ರಾಂ ಆಸುಪಾಸಿನ ಕ್ಲೋರೈಡ್, 25ರಿಂದ 30 ಮಿಲಿಮೋಲ್ ಬೈಕಾರ್ಬನೇಟ್. ಗ್ಲುಕೋಸ್ ಇರುವ ‘ಎ’ ದ್ರಾವಣ (ಮೆಷಿನ್‌ಗೆ ಕೊಡುವ ಆಮ್ಲೀಯ ಕಾನ್ಸಂಟ್ರೇಟ್) ಬಳಸುವಲ್ಲಿ ಲೀಟರಿಗೆ 1 ಗ್ರಾಂ ಗ್ಲುಕೋಸ್. ರೋಗಿಯ ರಕ್ತದಿಂದ ಬಂದ ಯೂರಿಯಾದಲ್ಲಿ ಲೀಟರಿಗೆ 100ರಿಂದ 130 ಮಿ.ಗ್ರಾಂ ಸಾರಜನಕ, ಜೊತೆಗೆ 6–7 ಮಿ.ಗ್ರಾಂ ರಂಜಕ. ಗ್ಲುಕೋಸ್ ಒಂದರಿಂದಲೇ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕ) ಲೀಟರಿಗೆ 1,000 ಮಿ.ಗ್ರಾಂ ದಾಟುತ್ತದೆ. ಅಸಿಟೇಟ್ ಮತ್ತಿತರವು ಸೇರಿ 1,200–1,400.

ಹೊಸದಾಗಿ ಇಟಿಪಿ ಶುರುಮಾಡುವಾಗ ಬೆಲ್ಲ, ಯೂರಿಯಾ, ಸೆಗಣಿ ಹಾಕುವ ರೂಢಿ ನಮ್ಮಲ್ಲಿದೆ. ಬೇರೆ ನೀರಿಗೆ ಅದು ಹೊಂದೀತು. ಡಯಾಲಿಸಿಸ್ ನೀರಿನಲ್ಲಿ ಸಕ್ಕರೆಯೂ ಇದೆ, ಯೂರಿಯಾವೂ ಇದೆ; ಮತ್ತೆ ಅದನ್ನೇ ಸುರಿದರೆ ತುಂಬಿದ ಹೊಟ್ಟೆಗೆ ಉಣ್ಣಿಸಿದ ಹಾಗೆ. ಇಲ್ಲಿ ಕೊರತೆಯಿರುವುದು ರಂಜಕಕ್ಕೆ, ಕಬ್ಬಿಣಕ್ಕೆ, ಇತರ ಸೂಕ್ಷ್ಮ ಲವಣಗಳಿಗೆ. ಆಸ್ಪತ್ರೆಯ ಶೌಚಾಲಯದ ನೀರನ್ನು ಹತ್ತು-ಇಪ್ಪತ್ತು ಶೇಕಡಾ ಸೇರಿಸಿದರೆ ಈ ಕೊರತೆ ಬಹುಪಾಲು ನೀಗುತ್ತದೆ.

ಟ್ಯಾಂಕ್ ಮುಟ್ಟುವ ಮೊದಲು ಅಳತೆ

ಬೇಕಾದ ಸಲಕರಣೆ ಹೆಚ್ಚಿನದೆಲ್ಲ ಡಯಾಲಿಸಿಸ್ ಘಟಕದಲ್ಲಿ ಇದ್ದದ್ದೇ: ಕೈಯಲ್ಲಿ ಹಿಡಿಯುವ ಕಂಡಕ್ಟಿವಿಟಿ ಮೀಟರ್, ಪಿಎಚ್ ಮೀಟರ್ ಅಥವಾ ಪಟ್ಟಿ, ಆರ್‌ಒ ನೀರಿಗೆ ಬಳಸುವ ಟೋಟಲ್ ಕ್ಲೋರಿನ್ ಕಿಟ್, ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಮರುಬಳಕೆ ಇರುವಲ್ಲಿ ಪೆರಾಸಿಟಿಕ್ ಆಸಿಡ್ ಉಳಿಕೆ ನೋಡುವ ಪಟ್ಟಿ. ಹೊರಗಿನಿಂದ ತರಬೇಕಾದ್ದು ಒಂದು ಲೀಟರಿನ ಅಳತೆ ಜಾಡಿ, ಅಮೋನಿಯಾ ಕಿಟ್, ಸಾಧ್ಯವಾದರೆ ಕರಗಿದ ಆಮ್ಲಜನಕ ಅಳೆಯುವ ಮೀಟರ್.

ಕಂಡಕ್ಟಿವಿಟಿಯಿಂದ ಶುರುಮಾಡಿ. ಮೆಷಿನ್‌ನಿಂದ ಬರುವ ಡಯಾಲಿಸೇಟ್ 13.5–14 ಮಿಲಿಸೀಮೆನ್ಸ್. ರಿನ್ಸ್ ನೀರು ಸೇರಿದ ಮೇಲೆ ಕಲೆಕ್ಷನ್ ಟ್ಯಾಂಕಿನಲ್ಲಿ 9ರಿಂದ 11 ಇರಬೇಕು. ನಿಮ್ಮ ಘಟಕದ ಸಾಮಾನ್ಯ ಸಂಖ್ಯೆ ಯಾವುದೆಂದು ಎರಡು ವಾರ ಬರೆದಿಟ್ಟರೆ ಗೊತ್ತಾಗುತ್ತದೆ. ಅದು ಗೊತ್ತಿದ್ದರೆ ಮುಂದಿನ ದೋಷಗಳಲ್ಲಿ ಅರ್ಧ ಅಲ್ಲೇ ಬಯಲಾಗುತ್ತವೆ.

ಮೀಟರ್ 5–6 ತೋರಿಸಿದರೆ ಆರ್‌ಒ ರಿಜೆಕ್ಟ್ ಒಳಗೆ ಬರುತ್ತಿದೆ. 2–3ಕ್ಕೆ ಇಳಿದಿದ್ದರೆ ಮಳೆನೀರೋ ನೆಲದ ನೀರೋ ನುಗ್ಗುತ್ತಿದೆ. 15 ದಾಟಿದರೆ ಸಾಫ್ಟ್‌ನರಿನ ಉಪ್ಪುನೀರು ಅಥವಾ ಚೆಲ್ಲಿದ ಕಾನ್ಸಂಟ್ರೇಟ್. 100 ಲೀಟರ್ ರೆಸಿನ್ ಇರುವ ಸಾಫ್ಟ್‌ನರಿನ ಒಂದು ರೀಜನರೇಶನ್‌ಗೆ 10–15 ಕಿಲೋ ಉಪ್ಪು ಬೇಕು. 12 ಕಿಲೋ ಉಪ್ಪು 5,000 ಲೀಟರಿಗೆ ಸೇರಿದರೆ ಕಂಡಕ್ಟಿವಿಟಿ ಒಮ್ಮೆಲೇ 4ರಷ್ಟು ಏರುತ್ತದೆ. ಉಪ್ಪು ಒಂದೇ ಮಟ್ಟದಲ್ಲಿದ್ದರೆ ಟ್ಯಾಂಕಿನ ಸೂಕ್ಷ್ಮಜೀವಿಗಳು ಮೂರು-ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತವೆ. ಅವುಗಳಿಗೆ ತಡೆಯಲಾಗದ್ದು ಏರಿಳಿತ. ಗುಡ್ಡೆಯ ಮೇಲಿನ ಮುರಕಲ್ಲು ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಅಂಥಲ್ಲಿ ಸಾಫ್ಟ್‌ನರನ್ನು ಟೈಮರ್ ಮೇಲೆ ಎರಡು ದಿನಕ್ಕೊಮ್ಮೆ ರೀಜನರೇಟ್ ಮಾಡುವುದರಲ್ಲಿ ಅರ್ಥವಿಲ್ಲ. ಗಡಸುತನ ಅಳೆದು, ಆರ್‌ಒ ನೋಡಿಕೊಳ್ಳುವವರ ಜೊತೆ ಮಾತಾಡಿ ಅಂತರ ಹೆಚ್ಚಿಸಿ. ಕಡಲಬದಿಯಲ್ಲಿ, ಮಾರ್ಚ್–ಏಪ್ರಿಲ್‌ನಲ್ಲಿ ಬಾವಿಗೆ ಉಪ್ಪು ಹತ್ತುವ ಕಡೆ, ಈ ಮಾತು ಅನ್ವಯಿಸುವುದಿಲ್ಲ.

ದೋಷ: ಸ್ಲಡ್ಜ್ ಸತ್ತಿದೆ, ಬಿಳಿ ನೊರೆ ಎದ್ದಿದೆ

ಡಯಾಲಿಸಿಸ್ ಇಟಿಪಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಚಾಕೊಲೇಟ್ ಬಣ್ಣದ ಸ್ಲಡ್ಜ್ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು) ಬೂದಿಗೆ ತಿರುಗುತ್ತದೆ, ಮೇಲೆ ಹಗುರವಾದ ಬಿಳಿ ನೊರೆ ಬರುತ್ತದೆ, ಸೆಟ್ಲಿಂಗ್ ಟ್ಯಾಂಕಿನ ನೀರು ಹಾಲು ಬೆರೆಸಿದಂತೆ ಮಂಕಾಗುತ್ತದೆ. ಅಮೋನಿಯಾ ಏರುತ್ತದೆ. ಆಗ ಮಾರಾಟದವರು ‘ಕಲ್ಚರ್’ ಎಂಬ ಸೂಕ್ಷ್ಮಜೀವಿಗಳ ಡಬ್ಬಿ ತಂದು ಸುರಿಯುತ್ತಾರೆ. ನಾಲ್ಕು ದಿನ ಸುಧಾರಿಸಿದಂತೆ ಕಾಣುತ್ತದೆ, ಮುಂದಿನ ವಾರ ಮತ್ತದೇ ಕಥೆ.

ಕಾರಣ ಬಹುಪಾಲು ಡಿಸ್‌ಇನ್ಫೆಕ್ಟೆಂಟ್. 5 ಶೇಕಡಾ ಹೈಪೋಕ್ಲೋರೈಟ್‌ನ ಒಂದು ಲೀಟರಿನಲ್ಲಿ ಸುಮಾರು 50 ಗ್ರಾಂ ಕ್ಲೋರಿನ್ ಇದೆ. ಹತ್ತು ಮೆಷಿನ್‌ಗಳಿಗೆ ತಲಾ 150 ಮಿ.ಲೀ. ಎಂದರೆ ಒಂದೂವರೆ ಲೀಟರ್, 75 ಗ್ರಾಂ. ಅದು ಒಂದೇ ಗಂಟೆಯಲ್ಲಿ 5,000 ಲೀಟರಿಗೆ ಸೇರಿದರೆ 15 ಮಿ.ಗ್ರಾಂ/ಲೀ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಕ್ರಿಮಿ ಕೊಲ್ಲುವಾಗ ನಾವು ಇಡುವ ಪ್ರಮಾಣಕ್ಕಿಂತ ಇದು ಹೆಚ್ಚು.

ಪರೀಕ್ಷೆ ಮಾಡುವಾಗ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕಿಟ್‌ನಲ್ಲಿ ಫ್ರೀ ಕ್ಲೋರಿನ್ ನೋಡಿ, ಬಣ್ಣ ಬರಲಿಲ್ಲ, ‘ಕ್ಲೋರಿನ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಈ ನೀರಿನಲ್ಲಿ ಅಮೋನಿಯಾ ಧಾರಾಳ. ಹೈಪೋಕ್ಲೋರೈಟ್ ಬಂದ ಕ್ಷಣದಲ್ಲೇ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ. ಫ್ರೀ ಕ್ಲೋರಿನ್ ಸೊನ್ನೆ ತೋರಿಸುತ್ತದೆ, ಕ್ಲೋರಮೈನ್ ಗಂಟೆಗಟ್ಟಲೆ ಉಳಿದು ಕೊಲ್ಲುತ್ತಲೇ ಇರುತ್ತದೆ. ಆರ್‌ಒ ನೀರಿನಲ್ಲಿ ಟೋಟಲ್ ಕ್ಲೋರಿನ್ 0.1 ಮಿ.ಗ್ರಾಂ/ಲೀ. ದಾಟಬಾರದು ಎಂದು ಪ್ರತಿ ಪಾಳಿಗೆ ನೋಡುವ ಟೆಕ್ನಿಷಿಯನ್‌ಗೆ ಇದು ಹೊಸ ವಿಷಯವೇನಲ್ಲ. ಅದೇ ಕಿಟ್ಟನ್ನು ಹಿತ್ತಲಿಗೂ ಒಯ್ಯಬೇಕು, ಅಷ್ಟೇ. ಡಿಪಿಡಿ ಕಿಟ್ ಆದರೆ ಮೊದಲ ಮಾತ್ರೆ ಹಾಕಿದಾಗ ನೀರು ಬಣ್ಣವಿಲ್ಲದೆ ನಿಲ್ಲುತ್ತದೆ. ಟೋಟಲ್ ಕ್ಲೋರಿನ್ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟರೆ ತಳದಿಂದ ಗುಲಾಬಿ ಬಣ್ಣ ಮೆಲ್ಲಗೆ ಮೇಲೇರಿ ಗಾಢವಾಗುತ್ತದೆ. ಆ ನಿಧಾನದ ಗುಲಾಬಿಯೇ ಕ್ಲೋರಮೈನ್. ಮಾದರಿ ತೆಗೆಯಬೇಕಾದ್ದು ಏರೇಶನ್ ಟ್ಯಾಂಕಿಗೆ ನೀರು ಬೀಳುವ ಬಾಯಿಯಲ್ಲಿ, ಡಿಸ್‌ಇನ್ಫೆಕ್ಷನ್ ಮುಗಿದ ಅರ್ಧ ಗಂಟೆಯೊಳಗೆ. ಮರುದಿನ ಬೆಳಿಗ್ಗೆ ತೆಗೆದ ಮಾದರಿಯಿಂದ ಏನೂ ತಿಳಿಯುವುದಿಲ್ಲ.

ಟೋಟಲ್ ಕ್ಲೋರಿನ್ 0.5 ದಾಟಿದರೆ ಕಲೆಕ್ಷನ್ ಟ್ಯಾಂಕಿನ ಪಂಪ್ ನಿಲ್ಲಿಸಿ. ಸೋಡಿಯಂ ಮೆಟಾಬೈಸಲ್ಫೈಟ್ ಒಂದು ಗ್ರಾಂ ಕ್ಲೋರಿನ್‌ಗೆ ಒಂದೂವರೆ ಗ್ರಾಂ ಸಾಕು: 5,000 ಲೀಟರಿನಲ್ಲಿ 4 ಮಿ.ಗ್ರಾಂ ಇದ್ದರೆ ಒಟ್ಟು ಕ್ಲೋರಿನ್ 20 ಗ್ರಾಂ, ಬೇಕಾದ್ದು 30 ಗ್ರಾಂ ಪುಡಿ. ಬಕೆಟ್ ನೀರಿನಲ್ಲಿ ಕರಗಿಸಿ ಸುತ್ತ ಸುರಿದು, ಹತ್ತು ನಿಮಿಷ ಗಾಳಿ ಬಿಟ್ಟು ಮತ್ತೆ ನೋಡಿ. ‘ಇರಲಿ’ ಎಂದು ಹಿಡಿ ತುಂಬ ಹಾಕಬೇಡಿ. ಹೆಚ್ಚಾದ ಬೈಸಲ್ಫೈಟ್ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ.

ಶಾಶ್ವತ ಪರಿಹಾರ ಇನ್ನೂ ಸುಲಭ. ಹತ್ತೂ ಮೆಷಿನ್‌ಗಳಿಗೆ ಒಂದೇ ರಾತ್ರಿ ಬ್ಲೀಚ್ ಮಾಡುವ ಬದಲು ದಿನಕ್ಕೆ ಎರಡರಂತೆ ಹಂಚಿ. ಮೆಷಿನ್ ಕಂಪನಿ ಒಪ್ಪುವಲ್ಲಿ ದಿನನಿತ್ಯಕ್ಕೆ ಸಿಟ್ರಿಕ್ ಆಸಿಡ್‌ನ ಬಿಸಿ ಡಿಸ್‌ಇನ್ಫೆಕ್ಷನ್ ಇಟ್ಟು, ಬ್ಲೀಚನ್ನು ಅಗತ್ಯವಿದ್ದಷ್ಟಕ್ಕೆ ಉಳಿಸಿ. ಆದರೆ ರೋಗಿಯ ಸುರಕ್ಷತೆಗಾಗಿ ನಿಗದಿಯಾದ ಡಿಸ್‌ಇನ್ಫೆಕ್ಷನ್ ಅನ್ನು ಇಟಿಪಿಗಾಗಿ ಒಂದು ದಿನವೂ ತಪ್ಪಿಸಬಾರದು. ಇಟಿಪಿ ಸರಿಮಾಡಬಹುದು, ಸೋಂಕು ತಗುಲಿದ ರೋಗಿಯನ್ನು ಹಾಗೆ ಸರಿಮಾಡಲಾಗದು.

ಬ್ಲೀಚ್ ಇರುವ ಪೈಪಿಗೆ ಸಿಟ್ರಿಕ್ ಅಥವಾ ವಿನೆಗರ್ ಬಂದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪೆರಾಸಿಟಿಕ್ ಮತ್ತು ಬ್ಲೀಚ್ ಕೂಡ ಒಟ್ಟಿಗೆ ಬರಬಾರದು. ಎರಡರ ನಡುವೆ ಒಂದು ಪೂರ್ತಿ ರಿನ್ಸ್ ಇರಲೇಬೇಕು, ಉಳಿಕೆಗಳನ್ನು ಒಂದೇ ಕ್ಯಾನಿಗೆ ಸುರಿಯುವುದು ಬೇಡವೇ ಬೇಡ. ಪೆರಾಸಿಟಿಕ್ ಬೇಗ ಒಡೆದು ಅಸಿಟಿಕ್ ಆಸಿಡ್ ಆಗುತ್ತದೆ. ಸ್ವಲ್ಪ ಸ್ವಲ್ಪ ಬಂದರೆ ಟ್ಯಾಂಕ್ ತಾಳಿಕೊಳ್ಳುತ್ತದೆ. ಪೆರಾಸಿಟಿಕ್ ತುಂಬಿಟ್ಟ ಹಳೆಯ ಡಯಲೈಸರ್‌ಗಳನ್ನೆಲ್ಲ ಒಂದೇ ದಿನ ಖಾಲಿಮಾಡಿದರೆ ತಾಳದು.

ಸೋಮವಾರ ಮಾತ್ರ ಕೆಡುವ ಇಟಿಪಿ ಬೇರೆ. ಭಾನುವಾರ ಡಯಾಲಿಸಿಸ್ ಇಲ್ಲದೆ ಸ್ಲಡ್ಜ್ ಹಸಿದಿರುತ್ತದೆ, ಸೋಮವಾರ ಮೂರು ಪಾಳಿಯ ನೀರು ಒಟ್ಟಿಗೆ ಬರುತ್ತದೆ. ಶನಿವಾರ ಕಲೆಕ್ಷನ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡದೆ ಕಾಲು ಭಾಗ ಉಳಿಸಿ, ಭಾನುವಾರ ಮೆಲ್ಲಗೆ ಒಳಗೆ ಬಿಟ್ಟರೆ ಇದು ನಿಲ್ಲುತ್ತದೆ.

ದೋಷ: ಅಮೋನಿಯಾ ಇಳಿಯುತ್ತಿಲ್ಲ

ಮುಚ್ಚಳ ತೆಗೆದೊಡನೆ ಕಣ್ಣು ಉರಿದರೆ ಯೂರಿಯಾ ಒಡೆದು ಅಮೋನಿಯಾ ಆಗಿದೆ, ಪಿಎಚ್ ಏರಿದೆ ಎಂದರ್ಥ. 30 ಡಿಗ್ರಿಯಲ್ಲಿ ಪಿಎಚ್ 8 ಇದ್ದರೆ ಅಮೋನಿಯಾದ ಏಳೆಂಟು ಶೇಕಡಾ ಮಾತ್ರ ಅನಿಲ ರೂಪದಲ್ಲಿರುತ್ತದೆ. ಪಿಎಚ್ 9 ಆದರೆ ಸುಮಾರು ಅರ್ಧ. ಕಲೆಕ್ಷನ್ ಟ್ಯಾಂಕಿನಲ್ಲಿ ನೀರು ಒಂದು ದಿನಕ್ಕಿಂತ ಹೆಚ್ಚು ಕೂರುತ್ತಿದ್ದರೆ ಮೊದಲು ಅದನ್ನು ಕಡಿಮೆ ಮಾಡಿ.

ಏರೇಶನ್ ದಾಟಿದ ಮೇಲೂ ಅಮೋನಿಯಾ ಉಳಿದರೆ ಬೇರೆ ಇಟಿಪಿಗಳಲ್ಲಿ ‘ಆಲ್ಕಲಿನಿಟಿ (ಕ್ಷಾರದ ಅಂಶ) ಸಾಲದು, ಸೋಡಾ ಹಾಕಿ’ ಎನ್ನುತ್ತಾರೆ. ಇಲ್ಲಿ ಆ ಸಲಹೆ ಬೇಡ. ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಮಿ.ಗ್ರಾಂ ಆಲ್ಕಲಿನಿಟಿ ಬೇಕು, 110 ಮಿ.ಗ್ರಾಂಗೆ ಸುಮಾರು 785. ಡಯಾಲಿಸೇಟ್‌ನ ಬೈಕಾರ್ಬನೇಟ್ ಒಂದೇ 1,250–1,500 ಕೊಡುತ್ತದೆ. ಮತ್ತೆ ಸೋಡಾ ಹಾಕಿದರೆ ದುಡ್ಡೂ ದಂಡ, ಸೋಡಿಯಂ ಇನ್ನಷ್ಟು.

ಹಾಗಾದರೆ ಯಾಕೆ? ಆಮ್ಲಜನಕ, ಕ್ಲೋರಮೈನ್, ಸ್ಲಡ್ಜ್‌ನ ವಯಸ್ಸು (ಅದು ಟ್ಯಾಂಕಿನಲ್ಲಿ ಉಳಿಯುವ ದಿನಗಳು). ಈ ಕ್ರಮದಲ್ಲೇ ನೋಡಿ. ಏರೇಶನ್ ಟ್ಯಾಂಕಿನ ಮೂಲೆಗಳಲ್ಲೂ ಕರಗಿದ ಆಮ್ಲಜನಕ 2 ಮಿ.ಗ್ರಾಂ/ಲೀ. ಇರಬೇಕು. ಒಂದು ಕಿಲೋ ಅಮೋನಿಯಾ ಸಾರಜನಕಕ್ಕೆ 4.57 ಕಿಲೋ ಆಮ್ಲಜನಕ ಬೇಕು. ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಮೊದಲು ಉಂಡು ಉಳಿದದ್ದಷ್ಟೇ ಅಮೋನಿಯಾ ತಿನ್ನುವವಕ್ಕೆ ಸಿಗುತ್ತದೆ. ಗಾಳಿ ಕಡಿಮೆಯಾದರೆ ಬಿಒಡಿ (ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕ) ಸರಿ ಬಂದು ಅಮೋನಿಯಾ ಮಾತ್ರ ಹಾಗೇ ಉಳಿಯುವುದು ಇದರಿಂದ. ಆಮ್ಲಜನಕ ಸರಿಯಿದ್ದರೆ ಟೋಟಲ್ ಕ್ಲೋರಿನ್. ಅದೂ ಇಲ್ಲದಿದ್ದರೆ ಸ್ಲಡ್ಜ್ ಹೆಚ್ಚು ಹೊರಹಾಕುತ್ತಿದ್ದೀರಿ: ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುವ ಜಾತಿ, ಹತ್ತು ದಿನಕ್ಕಿಂತ ಕಡಿಮೆ ವಯಸ್ಸಿನ ಸ್ಲಡ್ಜ್‌ನಲ್ಲಿ ಉಪ್ಪಿನ ಜೊತೆ ಅವು ನಿಲ್ಲುವುದು ಕಷ್ಟ.

ಪಿಎಚ್ 6.5ಕ್ಕಿಂತ ಕೆಳಗಿಳಿದಿದ್ದರೆ ಸಿಟ್ರಿಕ್ ಅಥವಾ ಪೆರಾಸಿಟಿಕ್ ಜಾಸ್ತಿ ಬಂದಿದೆ. ಉಳಿದ ‘ಎ’ ಕ್ಯಾನ್ ಚೆಲ್ಲಿದ್ದರಿಂದ ಪಿಎಚ್ ಬಿತ್ತು ಎಂದು ಹೇಳುವುದುಂಟು. 10 ಲೀಟರ್ ಕ್ಯಾನಿನಲ್ಲಿರುವ ಅಸಿಟಿಕ್ ಆಸಿಡ್ ಒಂದು ಮೋಲ್ ಆಸುಪಾಸು, 5,000 ಲೀಟರಿನ ಬೈಕಾರ್ಬನೇಟ್ ಮುಂದೆ ಅದು ಲೆಕ್ಕಕ್ಕಿಲ್ಲ. ಆ ಕ್ಯಾನಿನ ಹಾನಿ ಬೇರೆ: ಎರಡು ಕಿಲೋಗಿಂತ ಹೆಚ್ಚು ಉಪ್ಪು, 350 ಗ್ರಾಂ ಗ್ಲುಕೋಸ್. ಸಂಜೆ ನಾಲ್ಕು ತುಂಬಿದ ಕ್ಯಾನಿನಷ್ಟು ಉಳಿಕೆ ಸಿಂಕಿಗೆ ಹೋದರೆ ಇಡೀ ದಿನದ ಸಿಒಡಿ ಹೊರೆಯ ಕಾಲು ಭಾಗಕ್ಕೂ ಮೀರಿದ್ದು ಒಂದೇ ಗಳಿಗೆಯಲ್ಲಿ ಬಂದಂತೆ. ಉಳಿಕೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ರಾತ್ರಿಯಿಡೀ ಹನಿಹನಿಯಾಗಿ ಬಿಡಿ.

ದೋಷ: ಸ್ಲಡ್ಜ್ ಕೂರುತ್ತಿಲ್ಲ

ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ತೆಗೆದು ಜಾಡಿಗೆ ಹಾಕಿ, ಅಲುಗದ ಜಾಗದಲ್ಲಿ ಇಟ್ಟು ಅರ್ಧ ಗಂಟೆ ಕಾಯಿರಿ. ಗಡಿಯಾರ ನೋಡಿ ಕೊನೆಗೆ ಬರುವುದಲ್ಲ, ಮೊದಲ ಐದು ನಿಮಿಷ ಎದುರಿಗೇ ನಿಂತು ನೋಡಬೇಕು. ಆರೋಗ್ಯವಂತ ಸ್ಲಡ್ಜ್ ಎರಡು ನಿಮಿಷದಲ್ಲಿ ಅವಲಕ್ಕಿ ನೆನೆದಂತೆ ಒಂದಕ್ಕೊಂದು ಅಂಟಿ ಚೂರುಚೂರಾಗುತ್ತದೆ, ಆಮೇಲೆ ಒಟ್ಟಾಗಿ ಕೆಳಗಿಳಿಯುತ್ತದೆ, ಮೇಲೆ ತಿಳಿ ನೀರಿನ ಗೆರೆ ಮೂಡುತ್ತದೆ. ಅರ್ಧ ಗಂಟೆಯಲ್ಲಿ 250–350 ಮಿ.ಲೀ. ಗುರುತಿಗೆ ಬಂದರೆ ಚೆನ್ನ.

ಕೆಳಗೆ ಸ್ವಲ್ಪ ಬೇಗ ಕೂತು, ಮೇಲಿನ ನೀರಿನಲ್ಲಿ ರವೆಯಂಥ ಸಣ್ಣ ಕಣಗಳು ತೇಲುತ್ತಲೇ ಇದ್ದರೆ ಅದು ಸೋಡಿಯಂನ ಕೆಲಸ. ಸ್ಲಡ್ಜ್ ಕಣಗಳನ್ನು ಅಂಟಿಸುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬಿಡಿಸುವುದು ಸೋಡಿಯಂ. ಡಯಾಲಿಸೇಟ್‌ನಲ್ಲಿ ಸೋಡಿಯಂ 138 ಮಿಲಿಇಕ್ವಿವಲೆಂಟ್, ಕ್ಯಾಲ್ಸಿಯಂ-ಮೆಗ್ನೀಸಿಯಂ ಎರಡೂ ಸೇರಿ 4. ಈ ಅನುಪಾತವನ್ನು ಕ್ಯಾಲ್ಸಿಯಂ ಕ್ಲೋರೈಡ್ ಸುರಿದು ತಿದ್ದುತ್ತೇವೆ ಎಂದು ಹೊರಟರೆ ಮುಗಿಯದು. ಬೈಕಾರ್ಬನೇಟ್ ಜೊತೆ ಸೇರಿ, ಟ್ಯಾಂಕಿನ ತಳದಲ್ಲಿ ಗಾಳಿ ಬಿಡುವ ಡಿಫ್ಯೂಸರ್ ಮೇಲೆ ಸುಣ್ಣ ಕಟ್ಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೇಲು ದಾರಿ ಎರಡು. ಏರೇಶನ್ ಟ್ಯಾಂಕಿಗೆ ಪ್ಲಾಸ್ಟಿಕ್ ಮೀಡಿಯಾ ತುಂಬಿ ಬ್ಯಾಕ್ಟೀರಿಯಾ ಅದಕ್ಕೆ ಅಂಟಿ ಬೆಳೆಯುವಂತೆ ಮಾಡುವುದು. ಸೆಟ್ಲಿಂಗ್‌ಗೆ ಮೊದಲು ಪಾಲಿಅಲ್ಯೂಮಿನಿಯಂ ಕ್ಲೋರೈಡ್ ಕೊಡುವುದು. ಪ್ರಮಾಣವನ್ನು ಊಹಿಸಬೇಡಿ. ನಾಲ್ಕು ಜಾಡಿ ಇಟ್ಟು 20, 40, 60, 80 ಮಿ.ಗ್ರಾಂ ಹಾಕಿ, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಕಲಸಿ, ತಿಳಿಯಾಗುವ ಅತಿ ಕಡಿಮೆ ಪ್ರಮಾಣ ಆರಿಸಿ. ಇದನ್ನು ಏರೇಶನ್ ಟ್ಯಾಂಕಿಗೇ ಹಾಕಿದರೆ ಮೊದಲೇ ಕಡಿಮೆಯಿರುವ ರಂಜಕವನ್ನೂ ಹಿಡಿದು ಕೂರಿಸಿಬಿಡುತ್ತದೆ.

ಜಾಡಿಯಲ್ಲಿ ಅರ್ಧ ಗಂಟೆ ಕಳೆದರೂ 700–800ರಲ್ಲೇ ನಿಂತು, ಮುಟ್ಟಿದರೆ ಲೋಳೆ ಲೋಳೆ ಎಂದರೆ ಸಕ್ಕರೆ ಹೆಚ್ಚು, ರಂಜಕ ಕಡಿಮೆ, ಅಥವಾ ಗಾಳಿ ಕಡಿಮೆ. ಶೌಚಾಲಯದ ನೀರು ಸೇರಿಸಿ, ಅದಿಲ್ಲದಿದ್ದರೆ ಡಿಎಪಿ ಗೊಬ್ಬರ ಲೀಟರಿಗೆ 5–10 ಮಿ.ಗ್ರಾಂ ಲೆಕ್ಕದಲ್ಲಿ ಒಂದು ವಾರ ಕೊಟ್ಟು ನೋಡಿ. ಡಿಎಪಿಯಲ್ಲಿ ಸಾರಜನಕವೂ ಇದೆ, ಹಾಗಾಗಿ ಹೆಚ್ಚಿಸಬೇಡಿ.

ಮೂರನೆಯದು ಮೋಸದ ಜಾಡಿ. ಅರ್ಧ ಗಂಟೆಯಲ್ಲಿ ಚಂದ ಕೂತ ಸ್ಲಡ್ಜ್ ಒಂದೆರಡು ಗಂಟೆ ಬಿಟ್ಟು ನೋಡಿದರೆ ಗಡ್ಡೆಗಡ್ಡೆಯಾಗಿ ಮೇಲೆ ತೇಲುತ್ತಿರುತ್ತದೆ. ಕಡ್ಡಿಯಿಂದ ಕಲಕಿದರೆ ಗುಳ್ಳೆ ಬಿಟ್ಟು ಮತ್ತೆ ಕೂರುತ್ತದೆ. ಇದು ಇಟಿಪಿ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಲಕ್ಷಣವೇ: ಅಮೋನಿಯಾ ನೈಟ್ರೇಟ್ ಆಗಿದೆ, ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಗಾಳಿ ಸಿಗದೆ ಅದು ಸಾರಜನಕ ಅನಿಲವಾಗಿ ಸ್ಲಡ್ಜನ್ನು ಎತ್ತುತ್ತಿದೆ. ಸ್ಲಡ್ಜ್ ಮರಳಿಸುವ ಪಂಪನ್ನು ಹೆಚ್ಚು ಹೊತ್ತು ಓಡಿಸಿ, ತಳದಲ್ಲಿ ಕೂರಲು ಬಿಡಬೇಡಿ. ಜಾಗವಿದ್ದರೆ ಏರೇಶನ್‌ಗೆ ಮೊದಲು ಗಾಳಿಯಿಲ್ಲದ ಒಂದು ಸಣ್ಣ ಟ್ಯಾಂಕ್ ಮಾಡಿ ಅಲ್ಲಿಗೆ ತಿರುಗಿಸಿ. ನೈಟ್ರೇಟ್ ಕೂಡ ಅಲ್ಲೇ ಕಡಿಮೆಯಾಗುತ್ತದೆ. ಬಾವಿ ನೀರಿನ ನೈಟ್ರೇಟ್ ಮಿತಿ 45 ಮಿ.ಗ್ರಾಂ/ಲೀ. ಎಂಬುದನ್ನು ನೆನೆದರೆ ಈ ಖರ್ಚು ವ್ಯರ್ಥವಲ್ಲ.

ದೋಷ: ಡ್ರೈನ್ ಪೈಪ್ ಕಟ್ಟಿದೆ

ಮೆಷಿನ್‌ಗಳ ಹಿಂದಿನ ಪೈಪನ್ನು ಅಡ್ಡ ಕೊಯ್ದು ನೋಡಿದರೆ ಎರಡು ಪದರ ಕಾಣುತ್ತದೆ. ಪೈಪಿಗೆ ಅಂಟಿದ್ದು ಬಿಳಿ, ಗಟ್ಟಿ, ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುವುದು. ಅದರ ಮೇಲೆ ಬೂದು-ಗುಲಾಬಿ ಬಣ್ಣದ, ಎಳನೀರಿನ ಗಂಜಿಯಂತೆ ಜಾರುವ ಲೋಳೆ. ಮೇಲಿನದು ಗ್ಲುಕೋಸ್ ತಿಂದು ಬೆಳೆದ ಸೂಕ್ಷ್ಮಜೀವಿಗಳು. ಕೆಳಗಿನದು ಕ್ಯಾಲ್ಸಿಯಂ ಕಾರ್ಬನೇಟ್. ಬ್ಲೀಚ್ ಲೋಳೆಯನ್ನು ಕೊಲ್ಲುತ್ತದೆ, ಸುಣ್ಣ ಹಾಗೇ ಉಳಿಯುತ್ತದೆ. ಸಿಟ್ರಿಕ್ ಸುಣ್ಣ ಕರಗಿಸುತ್ತದೆ, ಮೇಲೆ ಲೋಳೆಯಿದ್ದರೆ ಅದರವರೆಗೆ ತಲುಪುವುದಿಲ್ಲ. ಆದ್ದರಿಂದ ಮೊದಲು ಬ್ರಷ್ ಅಥವಾ ಒತ್ತಡದ ನೀರು, ಆಮೇಲೆ 5 ಶೇಕಡಾ ಸಿಟ್ರಿಕ್ ಆಸಿಡ್ ಒಂದು ಗಂಟೆ ನಿಲ್ಲಿಸುವುದು. ಪೈಪಿಗೆ ಮೀಟರಿಗೆ 1–2 ಸೆಂ.ಮೀ. ಇಳಿಜಾರು ಇದ್ದರೆ ಇದು ವರ್ಷಕ್ಕೊಮ್ಮೆಯ ಕೆಲಸ, ಮಟ್ಟಸವಾಗಿದ್ದರೆ ತಿಂಗಳಿಗೊಮ್ಮೆ.

ಬಿಸಿ ಡಿಸ್‌ಇನ್ಫೆಕ್ಷನ್ ನೀರು ಬೀಳುವಲ್ಲಿ ಸಾದಾ ಪಿವಿಸಿ ಜೋತುಬಿದ್ದು ಮಧ್ಯೆ ನೀರು ನಿಲ್ಲುತ್ತದೆ. ಮೊದಲ ಕೆಲವು ಮೀಟರ್ ಬಿಸಿ ತಾಳುವ ಸಿಪಿವಿಸಿ ಹಾಕಿ. ಕಬ್ಬಿಣದ ಪೈಪ್, 304 ಸ್ಟೀಲಿನ ವಾಲ್ವ್ ಈ ಕ್ಲೋರೈಡ್ ಮುಂದೆ ನಿಲ್ಲುವುದಿಲ್ಲ. ಮೆಷಿನ್‌ನ ಡ್ರೈನ್ ಟ್ಯೂಬನ್ನು ಪೈಪಿನೊಳಗೆ ತೂರಿಸಿ ಟೇಪ್ ಸುತ್ತಬೇಡಿ. ಗಾಳಿಯ ಅಂತರ ಇಲ್ಲದಿದ್ದರೆ ಕಟ್ಟಿದ ದಿನ ಕೊಳೆನೀರು ಮೆಷಿನ್ ಕಡೆಗೇ ತಿರುಗುತ್ತದೆ.

ದೋಷ: ಗಾಳಿ ಸಾಲದು

ಬ್ಲೋವರಿನ ಪ್ರೆಶರ್ ಗೇಜ್ ನೋಡಿ. ಡಿಫ್ಯೂಸರ್ ಮೇಲೆ 3 ಮೀಟರ್ ನೀರಿದ್ದರೆ 0.35–0.4 ಕಿಲೋ ಸಹಜ. 0.5ರ ಕಡೆ ಏರಿದರೆ ಡಿಫ್ಯೂಸರಿನ ರಬ್ಬರ್ ತೂತು ಸುಣ್ಣ ಕಟ್ಟಿ ಮುಚ್ಚಿದೆ. 0.3ಕ್ಕೆ ಇಳಿದರೆ ರಬ್ಬರ್ ಹರಿದಿದೆ ಅಥವಾ ಪೈಪ್ ಬಿಟ್ಟಿದೆ. ನೀರಿನ ಮೇಲೆ ಒಂದೇ ಕಡೆ ದೊಡ್ಡ ಗುಳ್ಳೆ ಉಕ್ಕುವ ಜಾಗ ನೋಡಿದರೆ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಗಾಳಿ ಕಡಿಮೆಯಾದರೆ ನಾನ್-ರಿಟರ್ನ್ ವಾಲ್ವ್ ಕೆಟ್ಟಿದೆ: ಬ್ಲೋವರ್ ನಿಂತಾಗ ಕೊಳೆನೀರು ಪೈಪಿಗೆ ಹಿಂದಕ್ಕೆ ನುಗ್ಗಿರುತ್ತದೆ. ಬ್ಲೋವರ್ ಜನರೇಟರಿಗೆ ಸೇರಿರಲಿ. ಗಂಟೆಗಟ್ಟಲೆ ಉಸಿರುಗಟ್ಟಿಕೆ ಸ್ಲಡ್ಜಿಗೆ ಕೆಟ್ಟದ್ದು.

ದೋಷ: ಜೂನ್ ಬಂದೊಡನೆ ಸ್ಲಡ್ಜ್ ಕೊಚ್ಚಿಹೋಗುತ್ತದೆ

ನಸುಕಿನಲ್ಲಿ, ಮೊದಲ ಪಾಳಿ ಶುರುವಾಗುವ ಮೊದಲು ಕಲೆಕ್ಷನ್ ಟ್ಯಾಂಕಿನ ಮಟ್ಟವನ್ನೂ ಕಂಡಕ್ಟಿವಿಟಿಯನ್ನೂ ನೋಡಿ. ರಾತ್ರಿ ಬಿಟ್ಟದ್ದಕ್ಕಿಂತ ಮಟ್ಟ ಏರಿ, ಕಂಡಕ್ಟಿವಿಟಿ ಇಳಿದಿದ್ದರೆ ನೆಲದ ನೀರು ಗೋಡೆಯಿಂದ ಒಸರುತ್ತಿದೆ ಅಥವಾ ಮಾಡಿನ ನೀರು ಚೇಂಬರಿಗೆ ಬೀಳುತ್ತಿದೆ. ಮುರಕಲ್ಲಿಗೆ ಬರೀ ಸಿಮೆಂಟ್ ಸವರಿ ಕಟ್ಟಿದ ಟ್ಯಾಂಕಿನಲ್ಲಿ ಇದು ಆಗಿಯೇ ಆಗುತ್ತದೆ. ಮಳೆಗಾಲದಲ್ಲಿ ಒಳಗೆ ಒಸರುವ ಬಿರುಕೇ ಬೇಸಿಗೆಯಲ್ಲಿ ಹೊರಗೆ ಒಸರುತ್ತದೆ, ಆಗ ಮಾತ್ರ ಅದು ಕಣ್ಣಿಗೆ ಬೀಳುವುದಿಲ್ಲ. ಬಿರುಕು ಸವರಿ ತೃಪ್ತಿಪಡದೆ ಒಳಗೆ ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಪದರ ಹಾಕಿಸಿ, ಅಥವಾ ನೆಲದ ಮೇಲೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಟ್ಯಾಂಕ್ ಇಡಿ.

ದೋಷ: ಇಟಿಪಿ ಸರಿಯಿದೆ, ಲ್ಯಾಬ್ ವರದಿ ಕೆಟ್ಟದಾಗಿದೆ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹೊರಬಿಡುವ ನೀರಿನ ಪಿಎಚ್ 6.5–9, ತೇಲುಕಣ 100, ಎಣ್ಣೆ-ಜಿಡ್ಡು 10, ಬಿಒಡಿ 30, ಸಿಒಡಿ 250 ಮಿ.ಗ್ರಾಂ/ಲೀ. ಮೀರಬಾರದು, 96 ಗಂಟೆ ಅದೇ ನೀರಿನಲ್ಲಿಟ್ಟ ಮೀನುಗಳಲ್ಲಿ 90 ಶೇಕಡಾ ಬದುಕಿರಬೇಕು.

ಬಿಒಡಿ 10, ಸಿಒಡಿ 600 ಎಂಬ ವರದಿ ಬಂದರೆ ಇಟಿಪಿಯನ್ನು ದೂರುವ ಮೊದಲು ಕ್ಲೋರೈಡ್ ಎಷ್ಟು ಎಂದು ಲ್ಯಾಬಿಗೆ ಕೇಳಿ. ಡೈಕ್ರೊಮೇಟ್ ಪರೀಕ್ಷೆಯಲ್ಲಿ ಕ್ಲೋರೈಡ್ ಕೂಡ ಸಿಒಡಿಯಂತೆ ಕಾಣಿಸಿಕೊಳ್ಳುತ್ತದೆ: ಮಿ.ಗ್ರಾಂಗೆ 0.226. ಲೀಟರಿಗೆ 3,000 ಮಿ.ಗ್ರಾಂ ಕ್ಲೋರೈಡ್ ಇದ್ದರೆ, ತಡೆಯದಿದ್ದಲ್ಲಿ, 680ರವರೆಗೆ ಸುಳ್ಳು ಸಿಒಡಿ. ಕ್ಲೋರೈಡ್‌ನ ಹತ್ತು ಪಟ್ಟು ಮರ್ಕ್ಯುರಿಕ್ ಸಲ್ಫೇಟ್ ಹಾಕಿ ಅಥವಾ ಮಾದರಿಯನ್ನು ತೆಳುಮಾಡಿ ಪರೀಕ್ಷಿಸಲು ಹೇಳಿ. ಮಾದರಿಯ ಜೊತೆ ಕಂಡಕ್ಟಿವಿಟಿ ಬರೆದ ಚೀಟಿ ಕಳಿಸಿದರೆ ಲ್ಯಾಬಿನವರಿಗೂ ಅನುಕೂಲ.

ಆ ಪಟ್ಟಿಯಲ್ಲಿ ಅಮೋನಿಯಾ ಇಲ್ಲ. ಅದಕ್ಕೇ ಹಲವರು ಅಳೆಯುವುದೂ ಇಲ್ಲ. ಮೀನಿನ ಪರೀಕ್ಷೆ ಸೋತಾಗ ಮೊದಲು ನೋಡಬೇಕಾದ್ದು ಅದನ್ನೇ, ಆಮೇಲೆ ಟೋಟಲ್ ಕ್ಲೋರಿನ್ ಮತ್ತು ಉಪ್ಪು. ಅಮೋನಿಯಾ ಉಳಿದ ನೀರಿಗೆ ಕೊನೆಯಲ್ಲಿ ಹೈಪೋಕ್ಲೋರೈಟ್ ಹಾಕಿದರೆ ಅದು ಕ್ಲೋರಮೈನ್ ಆಗಿ ಮೀನಿಗೆ ಇನ್ನಷ್ಟು ವಿಷ.

ವರದಿ ಸರಿಬರಲೆಂದು ಆರ್‌ಒ ರಿಜೆಕ್ಟ್ ಬೆರೆಸಿ ತೆಳು ಮಾಡಬೇಡಿ. ಹೊರಹೋಗುವ ಉಪ್ಪು ಅಷ್ಟೇ ಇರುತ್ತದೆ, ಒಳ್ಳೆಯ ನೀರು ಮಾತ್ರ ಹಾಳು. ಗುಡ್ಡೆಯ ಬಾವಿಯಿಂದ ಬಂದ ರಿಜೆಕ್ಟ್ ಬೇರೆ ಪೈಪಿನಲ್ಲಿ ಶೌಚಾಲಯದ ಫ್ಲಶ್ ಟ್ಯಾಂಕಿಗೂ ಹೂಗಿಡಕ್ಕೂ ಹೋಗಲಿ.

ಶುದ್ಧವಾದ ನೀರನ್ನು ಎಲ್ಲಿಗೆ ಬಿಡುವುದು

ಇಟಿಪಿ ಉಪ್ಪನ್ನು ತೆಗೆಯುವುದಿಲ್ಲ. ಒಳಬಂದ ಸೋಡಿಯಂ ಪೂರ್ತಿ ಹೊರಗೆ ಹೋಗುತ್ತದೆ. ನೀರಾವರಿಯವರು ನೋಡುವ ಸೋಡಿಯಂ ಅನುಪಾತ (ಎಸ್‌ಎಆರ್) 26 ದಾಟಿದರೆ ಅತಿ ಅಪಾಯದ ವರ್ಗ. ಬರೀ ಡಯಾಲಿಸೇಟ್‌ಗೆ ಲೆಕ್ಕ ಹಾಕಿದರೆ ಅದು 95 ದಾಟುತ್ತದೆ. ಅಡಿಕೆ ತೋಟಕ್ಕೆ ಇದನ್ನು ಬಿಟ್ಟರೆ ಸೋಗೆಯ ತುದಿಯಿಂದ ಒಣಗುತ್ತಾ ಬರುತ್ತದೆ. ತೆಂಗು ಉಪ್ಪು ತಾಳುವ ಮರವಾದರೂ ಅದರ ಬುಡದ ಮಣ್ಣು ಈ ಸೋಡಿಯಂ ಅನ್ನು ವರ್ಷಗಟ್ಟಲೆ ತಾಳುವುದಿಲ್ಲ. ಫ್ಲಶ್‌ಗೆ ಬಳಸಿ ಒಳಚರಂಡಿ ವ್ಯವಸ್ಥೆಗೆ ಸೇರಿಸುವುದು ಸರಿ. ಇಂಗುಗುಂಡಿ, ಮೇಲಿನ ತಿಟ್ಟಿನಲ್ಲಂತೂ, ಬೇಡ.

ತಗ್ಗಿನ ಕಡೆಯ ಎರಡು ಬಾವಿ, ಹತ್ತಿರ ಸುರಂಗವಿದ್ದರೆ ಅದರ ಬಾಯಿಯ ನೀರು, ಇವುಗಳ ಕಂಡಕ್ಟಿವಿಟಿಯನ್ನು ತಿಂಗಳಿಗೊಮ್ಮೆ ಆ ಮನೆಯವರನ್ನು ಕೇಳಿ ಅಳೆದು ಬರೆದಿಡಿ. ಗುಡ್ಡೆಯ ಬಾವಿ ನೀರು ಮಾಮೂಲಿಗೆ 50–150 ಮೈಕ್ರೋಸೀಮೆನ್ಸ್ ಇರುವಲ್ಲಿ 400 ಕಂಡರೆ ಟ್ಯಾಂಕ್ ಸೋರುತ್ತಿದೆ ಎಂದೇ ಹಿಡಿದು ಹುಡುಕಲು ತೊಡಗಿ; ನೈಟ್ರೇಟ್ ಪರೀಕ್ಷೆಗೂ ಅಂದೇ ಕೊಡಿ. ಫಲಿತಾಂಶ ಬರುವವರೆಗೆ ಆ ಬಾವಿಯ ನೀರು ಕುಡಿಯಬೇಡಿ ಎಂದು ಮನೆಯವರಿಗೆ ನೇರವಾಗಿ ಹೇಳಿ, ಆಸ್ಪತ್ರೆಯಿಂದಲೇ ಕುಡಿಯುವ ನೀರು ತಲುಪಿಸಿ.

ಇಟಿಪಿಯ ಸ್ಲಡ್ಜ್ ಗೊಬ್ಬರವಲ್ಲ. ಒಣಗಿಸಿ ಚೀಲಕ್ಕೆ ತುಂಬಿ ಜೈವಿಕ ವೈದ್ಯಕೀಯ ತ್ಯಾಜ್ಯ ಒಯ್ಯುವವರಿಗೇ ಕೊಡಬೇಕು. ಕೊಟ್ಟ ತೂಕವನ್ನು ಬರೆದಿಡಿ. ಟ್ಯಾಂಕ್ ತೊಳೆಯಲು ಯಾರನ್ನೂ ಒಳಗಿಳಿಸಬೇಡಿ: ಕೊಳೆತ ಮೊಟ್ಟೆಯ ವಾಸನೆ ಬಂದು ಆಮೇಲೆ ಬಾರದಂತಾದರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿದೆ ಎಂದರ್ಥ. ಹೊರಗಿನಿಂದಲೇ ಪಂಪ್ ಇಳಿಸಿ ಖಾಲಿಮಾಡಿ.